ಗುಡ್ಡದಲ್ಲಿ ಉಳಿದ ಎರಡು ಶೆಲ್ಲು

ಕರ್ನಲ್ ರಾಯ್ ನಮ್ಮ ಪಲ್ಟನ್ನಿಗೆ ಬಂದು ಎರಡು ವರ್ಷವಾದರೂ ಎಲ್ಲರೂ ಅವರನ್ನು ಬಂಗಾಲಿ ಎಂದೇ ತಿಳಿದಿದ್ದರು. ಅದನ್ನು ತಿದ್ದುವ ಗೋಜಿಗೆ ಅವರು ಹೋಗಿರಲಿಲ್ಲ. ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಹೆಡ್ ಕ್ಲಾರ್ಕು, ಹವಾಲ್ದಾರ ಗುರುಪುತ್ರಪ್ಪ. ಅಧಿಕಾರಿಗಳ ಸೇವಾ ದಾಖಲೆಯ ಕಪಾಟಿನ ಕೀಲಿ ನನ್ನ ಸೊಂಟದಲ್ಲಿರುತ್ತಿತ್ತು. ಆ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹೆಸರು ದುಂಡಪ್ಪ, ತಂದೆ ರಾಯಪ್ಪ, ಊರು ಬೆಳಗಾವಿ, ವಡಗಾವಿ. ದುಂಡಪ್ಪ ಸಣ್ಣದಾಗಿ ‘ಡಿ’ ಆಗಿತ್ತು, ರಾಯಪ್ಪ ಸವೆದು ‘ರಾಯ್’ ಆಗಿತ್ತು. ನೇಕಾರರ ಆ ಬಡಾವಣೆಯ ಮಗ್ಗದ ಸದ್ದಿನಲ್ಲಿ ಬೆಳೆದ ಈ ಮನುಷ್ಯ ಬೆಳಗಾವಿ ಕ್ಯಾಂಪಿನ ತನ್ನ ಬಂಗಲೆಯಿಂದ ವಡಗಾವಿಯ ಕಡೆ ಒಂದು ದಿನವೂ ಜೀಪು ತಿರುಗಿಸಿದ್ದನ್ನು ಡ್ರೈವರ್ ಕಂಡಿರಲಿಲ್ಲ. ನಮ್ಮ ಹತ್ತಿರ ಹಿಂದಿ, ಅಧಿಕಾರಿಗಳ ಹತ್ತಿರ ಇಂಗ್ಲಿಷು. ಕನ್ನಡ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಎರಡೇ ಸಲ. ಎರಡೂ ಸಲ ಹೊಲಸು ಕೆಲಸಕ್ಕೇ.

ಮೊದಲನೆಯದು ಎರಡು ಸಾವಿರದ ಇಸವಿಯ ನವೆಂಬರಿನಲ್ಲಿ, ಖಾನಾಪುರದ ಆಚೆ, ಕಾಡಿನ ಅಂಚಿನ ಗುಡ್ಡದಲ್ಲಿ.

ಪಲ್ಟನ್ನಿನ ಮೋರ್ಟಾರ್ ಅಭ್ಯಾಸ ಅಲ್ಲಿ ನಾಲ್ಕು ದಿನ ನಡೆಯಿತು. ಗುಡ್ಡ ಸೈನ್ಯದ ಜಾಗವೇ. ಆದರೆ ಅಭ್ಯಾಸವಿಲ್ಲದ ದಿನಗಳಲ್ಲಿ ಬುಡದ ಹತ್ತಿಪ್ಪತ್ತು ಮನೆಯ ವಾಡಿಯ ಜನ ಅಲ್ಲಿ ಕುರಿ, ಎಮ್ಮೆ ಮೇಯಿಸುತ್ತಿದ್ದರು. ಅದು ಅವರ ಅಜ್ಜಂದಿರ ಕಾಲದಿಂದ ನಡೆದುಬಂದದ್ದು, ಯಾರೂ ತಡೆಯುತ್ತಿರಲಿಲ್ಲ. ಅಭ್ಯಾಸದ ದಿನಗಳಲ್ಲಿ ಮಾತ್ರ ಸುತ್ತಲೂ ಕೆಂಪು ನಿಶಾನೆ ನೆಟ್ಟು ಕಾವಲು ಹಾಕುತ್ತಿದ್ದೆವು. ನಿಶಾನೆ ಕಿತ್ತರೆ ಗುಡ್ಡ ಮತ್ತೆ ಅವರದು.

ಮೋರ್ಟಾರಿನ ಎಲ್ಲ ಶೆಲ್ಲುಗಳೂ ಸಿಡಿಯುವುದಿಲ್ಲ. ನಾಲ್ಕೈದು ಹಾಗೇ ನೆಲದಲ್ಲಿ ಹೂತುಕೊಂಡು ಕೂತುಬಿಡುತ್ತವೆ. ಅವನ್ನು ‘ಬ್ಲೈಂಡ್’ ಎನ್ನುತ್ತಾರೆ. ಪ್ರತಿಯೊಂದನ್ನೂ ಹುಡುಕಿ, ಇದ್ದಲ್ಲಿಯೇ ಸಿಡಿಸಿ, ‘ಜಾಗ ನಿರಪಾಯ’ ಎಂದು ಪ್ರಮಾಣಪತ್ರಕ್ಕೆ ಸಹಿ ಮಾಡಿದ ಮೇಲೆಯೇ ನಿಶಾನೆ ಕೀಳಬೇಕು. ಸೈನ್ಯ ಸೇರಿದವನಿಗೆ ಮೊದಲ ವರ್ಷವೇ ಗೊತ್ತಾಗುವ ನಿಯಮ ಇದು.

ಮೋರ್ಟಾರ್ ತುಕಡಿಯ ಹೊಣೆ ಸುಬೇದಾರ ಸೋಮಲಿಂಗನದಾಗಿತ್ತು. ಖಾನಾಪುರ ತಾಲ್ಲೂಕಿನದೇ ಕುರಿಗಾರರ ಮನೆತನ. ನಲವತ್ತಾರು ವರ್ಷ, ತೆಳ್ಳಗಿನ ಆಳು, ಮಾತು ಕಡಿಮೆ. ನಾಲ್ಕು ದಿನವೂ ಎದುರಿನ ದಿಬ್ಬದ ಮೇಲೆ ಕೂತು, ಒಂದೊಂದು ಶೆಲ್ಲು ಸಿಡಿದಾಗಲೂ ಕಿಸೆಯ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದ. ಹಾರಿಸಿದ್ದು ನೂರಿಪ್ಪತ್ತು, ಸಿಡಿದದ್ದು ನೂರಾಹದಿಮೂರು. ಉಳಿದ ಏಳಕ್ಕಾಗಿ ಎಂಟು ಜನರನ್ನು ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸಿ, ಎದೆಮಟ್ಟದ ಒಣಹುಲ್ಲನ್ನು ಸರಿಸುತ್ತ ನಡೆಸಿದ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಐದು ಸಿಕ್ಕವು. ಎರಡು ಸಿಗಲಿಲ್ಲ.

ಅವನು ಕರ್ನಲ್ಲರ ಡೇರೆಗೆ ಬಂದು ಸೆಲ್ಯೂಟ್ ಮಾಡಿ, ಇನ್ನೆರಡು ದಿನ ಬೇಕೆಂದ. ನಾನು ಮೂಲೆಯಲ್ಲಿ ಟೈಪ್‌ರೈಟರಿನ ಮುಂದೆ ಕೂತಿದ್ದೆ.

“ಎರಡು ದಿನ ಎಲ್ಲಿಂದ ತರಲಿ?” ಎಂದರು ಕರ್ನಲ್ ಹಿಂದಿಯಲ್ಲಿ. “ಶನಿವಾರ ಬೆಳಗಾವಿಗೆ ಜನರಲ್ ಬರುತ್ತಾರೆ. ನನ್ನ ಭಾಷಣ ಇದೆ. ಪಲ್ಟನ್ ಪೂರ್ತಿ ಅಲ್ಲಿರಬೇಕು.”

“ನನಗೆ ಎಂಟೇ ಜನ ಸಾಕು ಸಾಬ್. ಉಳಿದವರು ಹೋಗಲಿ.”

“ಎಂಟು ಜನ ಇಲ್ಲಿ ಯಾಕಿದ್ದಾರೆ ಅಂತ ಜನರಲ್ ಕೇಳಿದರೆ?”

ಕರ್ನಲ್ ಎದ್ದು ಬಂದು ಸೋಮಲಿಂಗನ ಹೆಗಲ ಮೇಲೆ ಕೈಯಿಟ್ಟರು. ಬಾಯಿಂದ ಕನ್ನಡ ಬಂತು, ವಡಗಾವಿಯ ಓಣಿಯಿಂದ ಈಗತಾನೇ ಎದ್ದುಬಂದಂಥ ಕನ್ನಡ.

“ಸೋಮಲಿಂಗ, ನೀವೂ ಈ ಕಡಿಯವ್ರ, ನಾನೂ ಈ ಕಡಿಯಾಂವ. ಎಣಿಸೂದ್ರಾಗ ಒಂದೆರಡು ಹೆಚ್ಚುಕಡಿಮಿ ಆಗಿರತೈತಿ. ಎರಡು ಒಮ್ಮೆಲೇ ಸಿಡದ್ರ ಒಂದ ಸಪ್ಪಳ ಕೇಳತೈತಿ, ಹೌದಲ್ಲೊ? ಸಹಿ ಮಾಡ್ರಿ. ಮುಂದಿನ ವರ್ಷ ಸುಬೇದಾರ್ ಮೇಜರ್ ಯಾರಂತ ಬರಿಯಾಂವ ನಾನ ಅದೀನಿ.”

ಸೋಮಲಿಂಗನ ಮುಖದಲ್ಲಿ ಒಂದು ಕ್ಷಣ ಬೆರಗು ಕಂಡಿತು. ಬಳಿಕ ಅದೂ ಹೋಯಿತು.

“ಕನ್ನಡ ಚಲೋ ಬರತೈತಿ ಸಾಹೇಬ್ರ ನಿಮಗ,” ಎಂದ. “ಹಂಗಾದ್ರ ಕನ್ನಡದಾಗ ಹೇಳ್ತೀನಿ. ಈ ಗುಡ್ಡದಾಗ ಮಂದಿ ಕುರಿ ಮೇಸ್ತಾರ. ಎರಡು ಶೆಲ್ಲು ಇಲ್ಲೇ ಅದಾವ. ನಾ ಸಹಿ ಮಾಡಂಗಿಲ್ರಿ.”

ಕರ್ನಲ್ಲರ ಕೈ ಹೆಗಲಿನಿಂದ ಇಳಿಯಿತು. ಕನ್ನಡವೂ ಅದರ ಜೊತೆಗೇ ಇಳಿಯಿತು. “ಡಿಸ್ಮಿಸ್,” ಎಂದರು.

ಅರ್ಧ ಗಂಟೆಯಲ್ಲಿ ನಾಯಿಬ್ ಸುಬೇದಾರ ತಮ್ಮಣ್ಣನನ್ನು ಕರೆಸಿದರು. ತಮ್ಮಣ್ಣ ಅಡುಗೆ ಡೇರೆಯ ಉಸ್ತುವಾರಿ. ನಾಲ್ಕು ದಿನವೂ ಉಳ್ಳಾಗಡ್ಡಿ ಮತ್ತು ಮಟನ್ನಿನ ನಡುವೆ ಇದ್ದವನು. ಶೆಲ್ಲು ಬೀಳುವ ಇಳಿಜಾರನ್ನು ಕಣ್ಣಿನಿಂದಲೂ ನೋಡಿದವನಲ್ಲ. ಕಾಗದದಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ, ಎಲ್ಲಿ ಸಹಿ ಮಾಡಬೇಕು ಎಂದಷ್ಟೇ ಕೇಳಿದ. ಮಾಡಿದ. ಎಡಗೈಗೆ ಹತ್ತಿದ್ದ ಅರಿಸಿನ ಕಾಗದದ ಅಂಚಿಗೆ ಮೆತ್ತಿಕೊಂಡಿತು.

ಆ ಕಾಗದ ಟೈಪ್ ಮಾಡಿದವನು ನಾನು. ಬೆಳಿಗ್ಗೆ ನಾನೇ ಮಾಡಿದ್ದ ವರದಿಯಲ್ಲಿ ‘ಸಿಡಿದದ್ದು ೧೧೩, ಹುಡುಕಿ ಸಿಡಿಸಿದ್ದು ೫, ಬಾಕಿ ೨’ ಎಂದಿತ್ತು. ಅದನ್ನು ಹರಿದುಹಾಕಿ ಹೊಸದು ಮಾಡು ಎಂದರು. ೧೧೩ ಇದ್ದದ್ದನ್ನು ೧೧೫ ಮಾಡಿದೆ. ಬಾಕಿ ಸೊನ್ನೆಯಾಯಿತು. ಒಂದೇ ಅಂಕಿ ನೋಡಿ, ಮೂರರ ಜಾಗದಲ್ಲಿ ಐದು. ಬೆರಳಿಗೆ ಏನೂ ಭಾರವಾಗಲಿಲ್ಲ. ಹಳೆಯ ವರದಿಯ ಮೇಲಿನ ಹಾಳೆಯನ್ನು ಕರ್ನಲ್ಲರ ಎದುರಿಗೇ ಹರಿದೆ. ಕಾರ್ಬನ್ ಪ್ರತಿ ಮಾತ್ರ ನನ್ನ ಪೆಟ್ಟಿಗೆಯಲ್ಲಿ ಉಳಿಯಿತು. ಅದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಇಪ್ಪತ್ತು ವರ್ಷ ಕ್ಲಾರ್ಕಾಗಿದ್ದವನು ಕಾಗದ ಎಸೆಯುವುದಿಲ್ಲ, ಇಲಿ ಕಾಳು ಬಿಡುವುದಿಲ್ಲವಲ್ಲ, ಹಾಗೆ. ಸಂಜೆಯ ಮೊದಲೇ ನಿಶಾನೆ ಕಿತ್ತು ನಾವು ಲಾರಿ ಹತ್ತಿದೆವು.

ಶನಿವಾರ ಜನರಲ್ ಬಂದರು. ಕರ್ನಲ್ಲರ ಭಾಷಣದ ವಿಷಯ ‘ನೀತಿ ಮತ್ತು ನಾಯಕತ್ವ’, ಹದಿನಾಲ್ಕು ಪುಟ. ಅದನ್ನೂ ನಾನೇ ಟೈಪ್ ಮಾಡಿದ್ದೆ, ಅದೇ ಮಿಷಿನ್ನಿನಲ್ಲಿ. ‘ನಾಯಕನ ಸಹಿ ಎಂದರೆ ಅವನ ಶಪಥ’ ಎಂಬ ವಾಕ್ಯ ಐದನೆಯ ಪುಟದಲ್ಲಿತ್ತು. ಆ ವಾಕ್ಯದ ಹತ್ತಿರ ಜನರಲ್ ತಲೆದೂಗಿದರು. ‘ಕೆಳಗಿನವನು ಇಲ್ಲ ಎಂದಾಗ ಅದನ್ನು ಕೇಳಿಸಿಕೊಳ್ಳುವವನೇ ನಾಯಕ’ ಎಂದು ಹನ್ನೊಂದನೆಯ ಪುಟದಲ್ಲಿತ್ತು. ಅಲ್ಲಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಸೋಮಲಿಂಗ ಕೈ ಕಟ್ಟಿಕೊಂಡು ಕೂತಿದ್ದ. ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟುತ್ತಿದ್ದರು.

ಗುಡ್ಡದಿಂದ ಬಂದ ಹನ್ನೆರಡನೆಯ ದಿನ, ಮಂಗಳವಾರ, ಒಂದು ಶೆಲ್ಲು ಸಿಡಿಯಿತು.

ವಾಡಿಯ ಭೀಮಕ್ಕ ಎಂಬ ಹೆಣ್ಣುಮಗಳು ಕುರಿ ಬಿಟ್ಟುಕೊಂಡು ಇಳಿಜಾರಿನಲ್ಲಿದ್ದಳು. ನಲವತ್ತರ ಸುಮಾರು ವಯಸ್ಸು. ಹುಲ್ಲಿನಲ್ಲಿ ಕಾಲಿಗೆ ಏನೋ ತಾಗಿತು ಎಂದು ಗೊತ್ತಾಗುವಷ್ಟರಲ್ಲಿ ಹಾರಿಬಿದ್ದಳು. ಗಂಡ ಲಕ್ಷ್ಮಪ್ಪ ಸದ್ದು ಕೇಳಿ ಓಡಿಹೋಗಿ, ತನ್ನ ತಲೆಯ ಪಟಗಾದಿಂದ ತೊಡೆಗೆ ಬಿಗಿದು, ಹೆಗಲ ಮೇಲೆ ಹೊತ್ತುಕೊಂಡು ರಸ್ತೆಗೆ ತಂದ. ಇಟ್ಟಂಗಿ ಲಾರಿಯೊಂದು ಖಾನಾಪುರಕ್ಕೆ ಮುಟ್ಟಿಸಿತು, ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಏಳು ಕುರಿ ಸತ್ತಿದ್ದವು.

ಖಾನಾಪುರದಿಂದ ಪೊಲೀಸರ ಫೋನು ಬಂದಾಗ ಎತ್ತಿಕೊಂಡವನು ನಾನು. ಒಳಗೆ ಹೋಗಿ ಹೇಳಿದೆ. ಕರ್ನಲ್ ಕೇಳಿದ ಮೊದಲ ಮಾತು, “ಪೇಪರಿನವರಿಗೆ ಗೊತ್ತಾಗಿದೆಯಾ?” ಹೆಂಗಸು ಬದುಕಿದ್ದಾಳೋ ಇಲ್ಲವೋ ಎಂದು ಕೇಳಲೇ ಇಲ್ಲ. ನಾನಾಗಿಯೇ ಹೇಳಿದೆ. “ಒಳ್ಳೆಯದು,” ಎಂದರು, ಯಾವುದಕ್ಕೆ ಒಳ್ಳೆಯದು ಎಂದರೋ.

ಮರುದಿನ ಬೆಳಿಗ್ಗೆ ಸೋಮಲಿಂಗ ಆಫೀಸಿಗೆ ಬಂದ.

“ಸಾಬ್, ಒಂದು ಸಿಡಿದಿದೆ. ಇನ್ನೊಂದು ಅಲ್ಲೇ ಇದೆ. ನನಗೆ ಎಂಟು ಜನ ಕೊಡಿ, ಇವತ್ತೇ ಹೋಗುತ್ತೇನೆ.”

“ಯಾವ ಇನ್ನೊಂದು?” ಎಂದರು ಕರ್ನಲ್. “ಕಾಗದದ ಪ್ರಕಾರ ಗುಡ್ಡದಲ್ಲಿ ಏನೂ ಇಲ್ಲ. ಆ ಹೆಂಗಸು ಗುಜರಿಗೆ ಮಾರಲು ಹಳೆಯ ಶೆಲ್ಲನ್ನು ಎಲ್ಲಿಂದಲೋ ಅಗೆದು ತಂದಿದ್ದಾಳೆ.”

“ಕಾಗದದ ಪ್ರಕಾರ ಆಕೆಗೆ ಎರಡೂ ಕಾಲಿವೆ, ಸಾಬ್.”

ಇಷ್ಟು ಹೇಳಿ ಅವನು ಅಟೆನ್ಷನ್ನಿನಲ್ಲೇ ನಿಂತಿದ್ದ. ಕರ್ನಲ್ಲರ ಸಂಕಟ ನನಗೆ ತಿಳಿಯುತ್ತಿತ್ತು. ಎರಡನೆಯದನ್ನು ಹುಡುಕಲು ಜನ ಕಳಿಸಿದರೆ ಮೊದಲನೆಯ ಸುಳ್ಳನ್ನು ಒಪ್ಪಿದಂತೆ. ಹುಡುಕದಿದ್ದರೆ ಇನ್ನೊಬ್ಬರ ಕಾಲು, ಇಲ್ಲವೇ ಜೀವ. ಈ ತಕ್ಕಡಿಯಲ್ಲಿ ತೂಗಿ ನೋಡಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಕಿಟಕಿಯ ಕಡೆ ತಿರುಗಿ, “ಬೇರೇನಾದರೂ?” ಎಂದರು.

“ರಜೆ ಬೇಕು ಸಾಬ್. ಇಪ್ಪತ್ತು ದಿನ.”

ಕರ್ನಲ್ ಕೂಡಲೇ ಸಹಿ ಹಾಕಿದರು, ಬಾಯಿ ಬಿಡುವವನು ಊರಲ್ಲಿಲ್ಲದಿದ್ದರೆ ನೆಮ್ಮದಿ ಎಂದು. ಗುಡ್ಡಕ್ಕೆ, ಅಂದರೆ ಸೈನ್ಯದ ಜಾಗಕ್ಕೆ, ಕಾಲಿಡಕೂಡದು ಎಂದು ಬರೆದುಕೊಟ್ಟರು. ಸೋಮಲಿಂಗ ಅದನ್ನೂ ಓದಿ, ತನ್ನ ಸಹಿ ಮಾಡಿ ಹೊರಟ.

ಶುಕ್ರವಾರ ಕರ್ನಲ್ ಆಸ್ಪತ್ರೆಗೆ ಹೊರಟರು. ಜೊತೆಗೆ ಹಣ್ಣಿನ ಬುಟ್ಟಿ, ಹಿಂದೆ ಲಾರಿಯಲ್ಲಿ ಒಂದು ಹೊಲಿಗೆ ಯಂತ್ರ, ಮತ್ತು ದುಭಾಷಿಯಾಗಿ ನಾನು. ತಮಗೆ ಕನ್ನಡ ಬಾರದು ಎಂದೇ ಅಲ್ಲಿ ನಡೆದುಕೊಳ್ಳುವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕೈಲಿ ಒಂದು ಹೇಳಿಕೆಯ ಕಾಗದವಿತ್ತು. ಕೆಂಪು ನಿಶಾನೆ ಇದ್ದರೂ ತಾನಾಗಿಯೇ ಒಳಗೆ ಹೋದೆ ಎಂದು ಭೀಮಕ್ಕ ಅದಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿತ್ತು.

ಇಬ್ಬರು ಜವಾನರು ಯಂತ್ರವನ್ನು ಹೊತ್ತು ತಂದು ಮಂಚದ ಪಕ್ಕದಲ್ಲಿ ಇಳಿಸಿದರು. ಹೊಳೆಯುವ ಕಪ್ಪು ಯಂತ್ರ, ಕೆಳಗೆ ತುಳಿಯುವ ಕಬ್ಬಿಣದ ಪಟ್ಟಿ. ಭೀಮಕ್ಕ ತಲೆಯೆತ್ತಿ ಅದನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಹೊದಿಕೆಯ ಕೆಳಗೆ ಬಲಗಾಲು ಇರಬೇಕಾದ ತಗ್ಗನ್ನು ನೋಡಿಕೊಂಡಳು.

“ಇದನ್ನ ಯಾರ್ ಆರಿಸಿದ್ರಿ?” ಎಂದು ನನ್ನನ್ನು ಕೇಳಿದಳು.

“ಸಾಹೇಬ್ರು,” ಎಂದೆ.

“ಕಾಲ್ ಕಳಕೊಂಡಾಕಿಗೆ ಕಾಲಿಲೆ ತುಳಿಯೂ ಮಿಷಿನ್ ತಂದಾನಲ್ಲ, ಇಂವಗ ತಲಿ ಐತೋ, ಟೊಪ್ಪಿಗಿ ಇಡಾಕ ಗೂಟ ಐತೋ?”

ಪಕ್ಕದ ಮಂಚದ ಮುದುಕಿ ಕಿಸಕ್ಕನೆ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಲಕ್ಷ್ಮಪ್ಪ ನಗಲಿಲ್ಲ. ನಾನು ಹಿಂದಿಯಲ್ಲಿ ಏನು ಹೇಳುವುದೆಂದು ತಡವರಿಸುತ್ತಿದ್ದೆ. ಭೀಮಕ್ಕ ಕರ್ನಲ್ಲರ ಮುಖವನ್ನೇ ನೋಡುತ್ತಿದ್ದಳು.

“ಬ್ಯಾಡ್ರಿ, ನೀವು ಹೇಳೂ ಕಾರಣಿಲ್ಲ,” ಎಂದಳು ನನಗೆ. “ನಿಮ್ಮ ಸಾಹೇಬಗ ತಿಳದೈತಿ. ಮಾರಿ ಕೆಂಪಾತು ನೋಡ್ರಿ.”

ಕಿವಿಯ ತುದಿಯವರೆಗೆ ಕೆಂಪಾಗಿತ್ತು. ನಾನು ಕಾಗದ ಮುಂದೆ ಹಿಡಿದು, ಇದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ ಎಂದೆ. ಏನು ಬರೆದದ್ದು ಎಂದು ಕೇಳಿದಳು. ಓದಿ ಹೇಳಿದೆ.

“ನಿಶಾನಿ ಇದ್ದಿಲ್ಲ,” ಎಂದಳು. “ನೀವ ಕಿತ್ತಗೊಂಡು ಹೋಗಿದ್ರಿ. ನಿಶಾನಿ ಇದ್ದಾಗ ನಮ್ಮ ಕುರಿ ಸುದ್ದಾ ಆ ಕಡಿ ಹೋಗೂದಿಲ್ಲ. ಸುಳ್ಳು ಬರಿಯಾಕ ನಿಮಗ ಪಗಾರ ಕೊಡ್ತಾರ, ನನಗ ಯಾರೂ ಕೊಡೂದಿಲ್ಲ. ತಗೊಂಡು ಹೋಗ್ರಿ, ಆ ಮಿಷಿನ್ನೂ ತಗೊಂಡು ಹೋಗ್ರಿ.”

ತಗೊಂಡು ಬಂದೆವು. ಆ ಯಂತ್ರ ಕಡೆಗೆ ಅವರದೇ ಬಂಗಲೆಗೆ ಹೋಯಿತು ಎಂದು ಡ್ರೈವರ್ ಹೇಳಿದ.

ಡಿಸೆಂಬರಿನ ಮೊದಲ ಮಂಗಳವಾರ ವಿಚಾರಣೆ ಶುರುವಾಯಿತು. ಹೊರಗಿನಿಂದ ಒಬ್ಬ ಬ್ರಿಗೇಡಿಯರ್ ಬಂದಿದ್ದರು. ಸೋಮಲಿಂಗನನ್ನು ಒಂದು ದಿನದ ಮಟ್ಟಿಗೆ ಕರೆಸಿದರು. ಅವನು ಕಿಸೆಯ ಪುಸ್ತಕ ತೋರಿಸಿ, ನೂರಾಹದಿಮೂರು ಗೆರೆ ಎಣಿಸಿ ಹೇಳಿದ. ಕೊನೆಗೆ, “ಯಾರ ತಪ್ಪು ಎಂದು ನೀವು ನಿಧಾನವಾಗಿ ನಿರ್ಣಯ ಮಾಡಿ ಸಾಬ್. ಇನ್ನೊಂದು ಶೆಲ್ಲನ್ನು ಮಾತ್ರ ಇವತ್ತೇ ಹುಡುಕಿಸಿ,” ಎಂದ. ಬ್ರಿಗೇಡಿಯರ್ ಪುಸ್ತಕವನ್ನು ತಿರುವಿ ನೋಡಿದರು. ಇದು ಖಾಸಗಿ ಪುಸ್ತಕ, ಅಧಿಕೃತ ವರದಿಯಲ್ಲಿ ಬಾಕಿ ಇಲ್ಲವೆಂದಿದೆ, ವರದಿ ಮಾಡಿದ ಕ್ಲಾರ್ಕನ್ನು ಕೇಳೋಣ ಎಂದರು.

ಮರುದಿನ ನನ್ನ ಸರದಿ. ಒಳಗೆ ಹೋಗುವ ಮೊದಲು ವರಾಂಡದಲ್ಲಿ ಕರ್ನಲ್ ಸಿಕ್ಕರು. ಕರ್ನಲ್ಲರ ಕನ್ನಡವನ್ನು ನಾನು ಎರಡನೆಯ ಸಲ ಕೇಳಿದ್ದು ಆಗಲೇ.

“ಗುರುಪುತ್ರಪ್ಪ, ಮಗಳು ಪೂರ್ಣಿಮಾ ಹತ್ತನೇತ್ತ ಅಲ್ಲೇನು?” ಎಂದು ನಕ್ಕರು. “ಶಿವಬಸವ ನಗರದಾಗ ಸ್ವಂತ ಮನಿ, ಬಾಜೂಕ ಸಾಲಿ. ನಡಬರಕ ಅಸ್ಸಾಮಿಗೆ ಬದ್ಲಿ ಆದ್ರ ಹುಡುಗಿಗೆ ತ್ರಾಸ ನೋಡ್ರಿ.”

ಒಳಗೆ ಬ್ರಿಗೇಡಿಯರ್ ಕೇಳಿದರು: ಇದಕ್ಕಿಂತ ಮೊದಲು ಬೇರೆ ವರದಿ ಟೈಪ್ ಮಾಡಿದ್ದೆಯಾ?

“ನೆನಪಿಲ್ಲ ಸಾಬ್,” ಎಂದೆ.

ಇಪ್ಪತ್ತು ವರ್ಷದ ಕಾಗದಗಳ ನಂಬರು ಬಾಯಿಪಾಠ ಇದ್ದವನು ನಾನು. ಮನೆಗೆ ಹೋಗಿ ಹೆಂಡತಿ ಸಂಗವ್ವನಿಗೆ ಹೇಳಿದೆ, ಬದಲಿಯ ಹೆದರಿಕೆಯನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಅಸ್ಸಾಮಿನ್ಯಾಗೂ ಸಾಲಿ ಇರ್ತಾವ,” ಎಂದಳು. ಅಷ್ಟೇ. ನನಗೆ ಬೇಕಾದ ಸಮಾಧಾನ ಅದಾಗಿರಲಿಲ್ಲ. ಊಟ ಮಾಡಿ ಎದ್ದೆ.

ಅಷ್ಟರಲ್ಲಿ ಖಾನಾಪುರದ ಕಡೆಯಿಂದ ಸುದ್ದಿ ಬಂತು: ಸುಬೇದಾರ ಸೋಮಲಿಂಗ ಗುಡ್ಡದ ದಾರಿಯಲ್ಲಿ ನಿಂತು ಜನರನ್ನು ತಡೆಯುತ್ತಿದ್ದಾನೆ. ಇದು ಗಾಬರಿ ಹಬ್ಬಿಸುವ ಕೆಲಸ, ಕೂಡಲೇ ನಿಲ್ಲಿಸಬೇಕು ಎಂದು ಕರ್ನಲ್ ನೋಟಿಸು ಬರೆಸಿದರು. ಭಾನುವಾರ ನನ್ನ ಕೈಲಿ ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಟೆಂಪೊ ಹಿಡಿದು, ಎರಡು ಮೈಲು ನಡೆದೆ. ಸೈನ್ಯದ ಗಡಿಕಲ್ಲಿನಿಂದ ಹತ್ತು ಹೆಜ್ಜೆ ಈಚೆಗೆ, ವಾಡಿಯಿಂದ ಬರುವ ಕಾಲುದಾರಿಯಲ್ಲಿ ಸೋಮಲಿಂಗ ನಿಂತಿದ್ದ. ಧೋತರ, ಹಳೆಯ ಸ್ವೆಟರು, ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು. ಕಂಟಿಗಳಿಗೆ ಅಲ್ಲಲ್ಲಿ ಕೆಂಪು ಬಟ್ಟೆಯ ಚೂರು ಕಟ್ಟಿದ್ದ. ಯಾವುದೋ ಹಳೆಯ ಸೀರೆ ಹರಿದು ಮಾಡಿದ್ದು. ಆಚೆಯ ದಾರಿಯಲ್ಲಿ ವಾಡಿಯ ಇಬ್ಬರು ಕೋಲು ಹಿಡಿದು ಕೂತಿದ್ದರು. ಬಂದವರಿಗೆ ಅವನು ಕನ್ನಡದವರಾದರೆ ಕನ್ನಡದಲ್ಲಿ, ಮರಾಠಿಯವರಾದರೆ ಮರಾಠಿಯಲ್ಲಿ ಅದೇ ಮಾತು ಹೇಳುತ್ತಿದ್ದ: ಒಳಗೆ ಒಂದು ಶೆಲ್ಲು ಇದೆ, ಎಲ್ಲಿದೆ ಎಂದು ನನಗೂ ಗೊತ್ತಿಲ್ಲ, ಹೋಗಬೇಡಿ. ನಾನು ಹೋದದ್ದು ಅವನು ಅಲ್ಲಿ ನಿಂತ ಹನ್ನೊಂದನೆಯ ದಿನ.

ನೋಟಿಸು ಕೊಟ್ಟೆ. ಓದಿ ಮಡಿಚಿ ಕಿಸೆಯಲ್ಲಿಟ್ಟುಕೊಂಡ.

“ನಾ ಗಡಿ ದಾಟಿಲ್ಲ. ಇದು ವಾಡಿಯವರ ದಾರಿ,” ಎಂದ.

“ರಜಾ ಮುಗದ ಮ್ಯಾಲ ಏನ್ ಮಾಡ್ತೀರಿ?”

“ನೋಡೂಣು.”

ಅದೇ ಹೊತ್ತಿಗೆ ಕೆಳಗಿನಿಂದ ಕೂಗು ಕೇಳಿತು. ಸಿದ್ದಕ್ಕ ಎಂಬ ಮುದುಕಿಯ ಮೂರು ಆಡು ಬೇಲಿಯಂಥ ಕಂಟಿ ನುಸುಳಿ ಇಳಿಜಾರಿಗೆ ಹೋಗಿಬಿಟ್ಟಿದ್ದವು. ಮುದುಕಿ ಅವುಗಳ ಹಿಂದೆ ಓಡಿ ಗಡಿಕಲ್ಲು ದಾಟಿ ಹುಲ್ಲಿನೊಳಗೆ ಹೋಗಿದ್ದಳು. ಸೋಮಲಿಂಗ ಸೀಟಿ ಊದಿದ. ಅವಳಿಗೆ ಕಿವಿ ಮಂದ. “ಏ ಯವ್ವಾ, ನಿಂದ್ರು!” ಎಂದು ಕೂಗಿದ. ಅವಳು ಇನ್ನೂ ನಾಲ್ಕು ಹೆಜ್ಜೆ ಹೋದಳು.

ಸೋಮಲಿಂಗ ಹಿಂದೆ ಮುಂದೆ ನೋಡಲಿಲ್ಲ, ಗಡಿ ದಾಟಿದ. ಓಡಲಿಲ್ಲ. ಬಾಗಿ, ಕೋಲಿನಿಂದ ಹುಲ್ಲು ಸರಿಸಿ ನೆಲ ನೋಡಿ, ಒಂದೊಂದೇ ಹೆಜ್ಜೆ ಇಡುತ್ತ ಹೋದ. ಮುದುಕಿಯ ಹತ್ತಿರ ಮುಟ್ಟಿ ಅವಳ ರಟ್ಟೆ ಹಿಡಿದುಕೊಂಡ. ಏನೋ ಹೇಳಿದ. ಅವಳು ಆಡುಗಳ ಕಡೆ ಕೈ ಮಾಡಿ ಅಳತೊಡಗಿದಳು. ತಾನು ಹೆಜ್ಜೆಯಿಟ್ಟ ಜಾಗದಲ್ಲೇ ಅವಳನ್ನೂ ಹೆಜ್ಜೆ ಇಡಿಸುತ್ತ ಹಿಂದಕ್ಕೆ ಕರೆದುಕೊಂಡು ಬಂದ. ಇಪ್ಪತ್ತು ಗಜದ ದಾರಿಗೆ ಕಾಲು ಗಂಟೆ ಹಿಡಿಯಿತು.

ಆ ಕಾಲು ಗಂಟೆ ನಾನು ಗಡಿಕಲ್ಲನ್ನು ಹಿಡಿದುಕೊಂಡು ನಿಂತಿದ್ದೆ. ಎರಡು ಶೆಲ್ಲು ಬಾಕಿ ಎಂದು ಸ್ವಂತ ಬೆರಳಿನಿಂದ ಟೈಪ್ ಮಾಡಿದ್ದೆ, ಅದೇ ಬೆರಳಿನಿಂದ ಅಳಿಸಿದ್ದೆ. ಒಂದು ಹೆಜ್ಜೆ ಮುಂದಿಡಲು ನನ್ನ ಕಾಲು ಏಳಲಿಲ್ಲ. ಕಾಗದದ ಮೇಲಿನ ಸೊನ್ನೆಯನ್ನು ನಾನೇ ನಂಬುವುದಿಲ್ಲ ಎಂದು ಆ ಕಾಲಿಗೆ ಗೊತ್ತಿತ್ತು. ಕರ್ನಲ್ಲರ ಮೇಲೆ ನನಗಿದ್ದ ತಿರಸ್ಕಾರವೆಲ್ಲ ಅಲ್ಲಿ ನಿಂತಲ್ಲೇ ನನ್ನ ಮೇಲೆ ತಿರುಗಿತು. ಅವರಿಗಾದರೂ ಭಾಷಣ, ಜನರಲ್, ಬಡ್ತಿ. ನನಗೇನಿತ್ತು? ಮನೆಗೆ ಹತ್ತಿರದ ಆಫೀಸು.

ಸೋಮಲಿಂಗ ಬಂದು ಬೆವರು ಒರೆಸಿಕೊಂಡ. ನನ್ನನ್ನು ನೋಡಿದ. ಮುದುಕಿಗೆ ನೀರು ಕೊಟ್ಟ. ಆಡುಗಳು ಹೊತ್ತು ಇಳಿಯುವ ಮೊದಲು ತಾವಾಗಿಯೇ ಬಂದವು.

ಸೋಮವಾರ ಬೆಳಿಗ್ಗೆ ಬ್ರಿಗೇಡಿಯರ್ ಇನ್ನೂ ಚಹಾ ಕುಡಿಯುತ್ತಿರುವಾಗಲೇ ಹೋಗಿ ಕಾರ್ಬನ್ ಪ್ರತಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿದರು.

“ಇದು ಎಲ್ಲಿತ್ತು?”

“ನನ್ನ ಪೆಟ್ಟಿಗೆಯಲ್ಲಿ ಸಾಬ್.”

“ಎಷ್ಟು ದಿನದಿಂದ?”

“ಇಪ್ಪತ್ತೈದು ದಿನ.”

ಅವರು ಬೈಯಲಿಲ್ಲ. ಕಾಲಿಗೆ ಏನೋ ಮೆತ್ತಿಕೊಂಡಾಗ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿ ಫೋನು ಎತ್ತಿದರು. ಮಧ್ಯಾಹ್ನದೊಳಗೆ ಗುಡ್ಡದ ಸುತ್ತ ನಿಶಾನೆ ಎದ್ದವು, ಹುಡುಕುವ ಯಂತ್ರ ಹಿಡಿದ ತಂಡ ಹೋಯಿತು. ದಾರಿ ತೋರಿಸಲು ಸೋಮಲಿಂಗನನ್ನೇ ಮುಂದೆ ನಿಲ್ಲಿಸಿಕೊಂಡರು. ಬುಧವಾರ ಬೆಳಿಗ್ಗೆ ಶೆಲ್ಲು ಸಿಕ್ಕಿತು. ಸಿದ್ದಕ್ಕ ಹೋದ ಜಾಗದಿಂದ ಬಹಳ ದೂರ, ಮೇಲಿನ ಒಡ್ಡಿನ ಹತ್ತಿರ, ಕವಳಿ ಕಂಟಿಯ ಬುಡದಲ್ಲಿ ಬಾಲ ಮೇಲೆ ಮಾಡಿಕೊಂಡು ಕೂತಿತ್ತು. ಬೇಸಗೆಯಲ್ಲಿ ವಾಡಿಯ ಹೆಂಗಸರು, ಮಕ್ಕಳೆಲ್ಲ ಹಣ್ಣು ಬಿಡಿಸಲು ಹೋಗುವ ಕಂಟಿ ಅದು. ಇದ್ದಲ್ಲಿಯೇ ಸಿಡಿಸಿದರು. ವಾಡಿಯವರು ದೂರದ ಹೊಲದಲ್ಲಿ ನಿಂತು ನೋಡಿದರಂತೆ.

ಇನ್ನು ಶಿಕ್ಷೆಯ ಮಾತು. ಕರ್ನಲ್ ರಾಯ್ ಅವರಿಗೆ ಮೇಲಿನವರು ತಮ್ಮ ‘ತೀವ್ರ ಅಸಮಾಧಾನ’ವನ್ನು ಬರವಣಿಗೆಯಲ್ಲಿ ತಿಳಿಸಿದರು. ಸಾರಿಗೆ ಉಪ್ಪು ಕಡಿಮೆಯಾದರೆ ಮನೆಯಲ್ಲಿ ಪಡುತ್ತೇವಲ್ಲ, ಅಂಥದೇ ಹೆಸರು. ಪಲ್ಟನ್ ಕೈಬಿಟ್ಟುಹೋಯಿತು, ಮುಂದಿನ ಬಡ್ತಿ ನಿಂತಿತು. ದೂರದ ಒಂದು ಕಚೇರಿಯಲ್ಲಿ ಹಾಸಿಗೆ ಹೊದಿಕೆಗಳ ದಾಸ್ತಾನು ನೋಡಿಕೊಂಡು ನಿವೃತ್ತರಾದರು. ಈಗ ರಾಮತೀರ್ಥ ನಗರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದಾರೆ. ಜನವರಿ ಇಪ್ಪತ್ತಾರಕ್ಕೆ ಬಡಾವಣೆಯವರು ಅವರಿಂದಲೇ ಧ್ವಜ ಹಾರಿಸುತ್ತಾರೆ. ತಮ್ಮಣ್ಣ, ತನಗೆ ಇಂಗ್ಲಿಷು ಓದಲು ಬಾರದು ಎಂದು ಹೇಳಿ ಪಾರಾದ. ಇಂಗ್ಲಿಷು ಬಾರದವನಿಂದ ಇಂಗ್ಲಿಷ್ ಕಾಗದಕ್ಕೆ ಸಹಿ ಮಾಡಿಸಿದ್ದು ಯಾಕೆ ಎಂದು ಯಾರೂ ಮುಂದೆ ಕೇಳಲಿಲ್ಲ.

ಭೀಮಕ್ಕನಿಗೆ ಪರಿಹಾರ ಬರಲು ಒಂದೂವರೆ ವರ್ಷ ಹಿಡಿಯಿತು. ಕೃತಕ ಕಾಲು ಹಾಕಿಸಿಕೊಂಡು ಮತ್ತೆ ಕುರಿ ಹಿಂದೆ ಹೋಗುತ್ತಾಳೆ, ಏರು ಹತ್ತುವುದು ಮಾತ್ರ ಆಗುವುದಿಲ್ಲ ಎಂದು ಕೇಳಿದೆ. ಹೋಗಿ ನೋಡಲಿಲ್ಲ.

ಸೋಮಲಿಂಗನ ಮೇಲೂ ಒಂದು ಕಾಗದ ಬಂತು: ಬರೆದುಕೊಟ್ಟ ಆದೇಶ ಮೀರಿ ಸೈನ್ಯದ ಜಾಗಕ್ಕೆ ಕಾಲಿಟ್ಟದ್ದು. ಸಿದ್ದಕ್ಕನನ್ನು ಕರೆತಂದ ಆ ಇಪ್ಪತ್ತು ಗಜ. ವಿಚಾರಣೆಗೆ ಮತ್ತೆ ಕರೆಸಿದಾಗ ಅದನ್ನು ಅವನಾಗಿಯೇ ಹೇಳಿದ್ದ, ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಸುಬೇದಾರ್ ಮೇಜರ್ ಹುದ್ದೆ ಬೇರೆಯವರಿಗೆ ಹೋಯಿತು. ಮರುವರ್ಷ ಜೂನಿನಲ್ಲಿ ನಿವೃತ್ತನಾದ.

ಅವನು ಹೊರಡುವ ದಿನ ಬಸ್ ನಿಲ್ದಾಣದವರೆಗೆ ಹೋದೆ. ಟ್ರಂಕು ಎತ್ತಲು ಕೈ ಹಾಕಿದೆ, ಬೇಡವೆಂದ. ಕಡೆಗೆ ನಾನೇ, “ಕಾಗದ ಕೊಟ್ನೆಲ್ರಿ ಸಾಹೇಬ್ರ, ಕಡೀಕಾದ್ರೂ,” ಎಂದೆ.

“ಕೊಟ್ಟಿ. ಚಲೋ ಮಾಡಿದಿ,” ಎಂದ. “ಮೊದಲ ವಾರದಾಗ ಕೊಟ್ಟಿದ್ರ ಆಕಿ ಕಾಲು ಇರ್ತಿತ್ತು.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಶೆಲ್ಲು ಎಣಿಸಿ ಹೇಳುತ್ತಿದ್ದನಲ್ಲ, ಅದೇ ದನಿ. ಖಾನಾಪುರದ ಬಸ್ಸು ಬಂತು. ಟ್ರಂಕನ್ನು ತಾನೇ ಮೇಲೆ ಹಾಕಿ ಹತ್ತಿ ಕೂತ. ಕಿಟಕಿಯಿಂದ ಈಚೆಗೆ ನೋಡಲಿಲ್ಲ.

ನನ್ನನ್ನು ಅಸ್ಸಾಮಿಗೆ ಯಾರೂ ಕಳಿಸಲಿಲ್ಲ. ಸತ್ಯ ಹೇಳಿದ ಕ್ಲಾರ್ಕು ಎಂದು ಬ್ರಿಗೇಡಿಯರ್ ವರದಿಯಲ್ಲಿ ಒಂದು ಸಾಲು ಬರೆದಿದ್ದರಂತೆ. ಅದರ ಮೇಲೆ ಆ ವರ್ಷದ ಕೊನೆಗೆ ನನಗೆ ನಾಯಿಬ್ ಸುಬೇದಾರನ ಬಡ್ತಿ ಬಂತು. ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಆ ಸಂಜೆ ಕುಂದಾ ಸಿಹಿಯ ಡಬ್ಬಿ ತಂದು ಶಿವಬಸವ ನಗರದ ನಮ್ಮ ಓಣಿಯಲ್ಲಿ ಮನೆ ಮನೆಗೂ ಹಂಚಿದೆ. ಎಲ್ಲರೂ ತಿಂದರು. ಸಂಗವ್ವ ತನ್ನ ಪಾಲನ್ನು ತಿನ್ನದೆ ಮುಚ್ಚಿಟ್ಟಿದ್ದಳು. ಮರುದಿನ ನೋಡಿದಾಗ ಇರುವೆ ಹತ್ತಿತ್ತು.